ಆರಂಭಕ್ಕೆ ಐದು ಶಬ್ದ

ಬೀದರಿನ ಒಂದು ಪ್ರೌಢಶಾಲೆಯಲ್ಲಿ ನಾನು ಹತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಆ ತರಗತಿಯ ಹಾಜರಿಯೂ ನನ್ನದೇ. ಮನೆ ಭಾಲ್ಕಿಯಲ್ಲಿತ್ತು. ಬೆಳಗಿನ ಮೊದಲ ಬಸ್ಸು ಹಿಡಿದು ಬರುತ್ತಿದ್ದೆ, ಒಂದು ದಿನವೂ ತಡವಾಗಿ ಬಂದವನಲ್ಲ. ಪ್ರಾರ್ಥನೆಯ ಗಂಟೆ ಹೊಡೆಯುವ ಮೊದಲೇ ಹೆಸರು ಕರೆದು ಹಾಜರಿ ಪುಸ್ತಕ ಮುಚ್ಚುವುದು ನನ್ನ ಪದ್ಧತಿ. ಆಮೇಲೆ ಬಂದವರು ಕೂತು ಪಾಠ ಕೇಳಬಹುದಿತ್ತು. ಪುಸ್ತಕದಲ್ಲಿ ಮಾತ್ರ ಅವರು ಗೈರು.

ಅದು ಸತತ ಬರದ ಎರಡನೆಯ ವರ್ಷ. ಚಿದ್ರಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ದಿನಾಲೂ ಗಂಟೆಯಾದ ಮೇಲೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಲಂಗದ ಅಂಚು ಒದ್ದೆಯಾಗಿರುತ್ತಿತ್ತು.

"ನೀರಿನ ಟ್ಯಾಂಕರ್ ಬರೋದೇ ಒಂಬತ್ತರ ಮ್ಯಾಗರಿ ಸರ್. ಪಾಳಿ ಬಿಟ್ರ ಮನ್ಯಾಗ ಕುಡಿಲಿಕ್ಕೂ ನೀರಿಲ್ಲ."

"ನಾನು ಭಾಲ್ಕಿಯಿಂದ ಬರ್ತೇನಿ. ನಿನಗ ಚಿದ್ರಿಯಿಂದ ಬರ್ಲಿಕ್ಕಿ ಆಗಂಗಿಲ್ಲೇನು? ಹೋಗಿ ಕೂಡು."

ಅವಳು ಕೂಡುತ್ತಿದ್ದಳು. ಇಡೀ ದಿನ ಕೂಡುತ್ತಿದ್ದಳು.

ಆ ದಿನಗಳಲ್ಲಿ ನಾನು ಹಲಗೆಯ ಎಡಮೂಲೆಯಲ್ಲಿ ವಾರಕ್ಕೆ ಐದು ಸಮಾನಾರ್ಥಕ ಶಬ್ದ ಬರೆಯುತ್ತಿದ್ದೆ. ಒಂದು ವಾರ ಆರಂಭದ ಶಬ್ದಗಳು ಬಂದವು. ಬಿಗಿನ್ ಮತ್ತು ಸ್ಟಾರ್ಟ್ ಬಹಳ ಕಡೆ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುತ್ತವೆ, ಆದರೆ ಲಾರಿ ಸ್ಟಾರ್ಟ್ ಆಗುತ್ತದೆಯೇ ಹೊರತು ಬಿಗಿನ್ ಆಗುವುದಿಲ್ಲ. ಕಮೆನ್ಸ್ ಎಂಬುದು ಪರೀಕ್ಷೆ, ಸಭೆ, ನ್ಯಾಯಾಲಯದ ಕಲಾಪಗಳಿಗೆ. ಊಟ ಕಮೆನ್ಸ್ ಆಯಿತು ಎಂದರೆ ಕೇಳಿದವರು ನಗುತ್ತಾರೆ. ಔಟ್‌ಸೆಟ್ ಭಾಷಣದ, ಪತ್ರದ ಮೊದಲ ಸಾಲಿಗೆ ಒಪ್ಪುತ್ತದೆ. ಆನ್‌ಸೆಟ್ ಹೆಚ್ಚಾಗಿ ಕೆಟ್ಟದ್ದರ ಆರಂಭಕ್ಕೆ: ಜ್ವರ, ರೋಗ. ಮಳೆಗಾಲಕ್ಕೂ ಅದನ್ನೇ ಬಳಸುತ್ತಾರೆ ಎಂದಾಗ ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು.

"ಮಳಿಗಾಲ ಹ್ಯಾಂಗಿರ್ತದ ಅಂತ ಮರ್ತೇ ಹೋಗ್ಯಾದ್ರಿ ಸರ್," ಎಂದಳು ಆ ಹುಡುಗಿ. ಆಮೇಲೆ ಕೇಳಿದಳು, "ಬರಗಾಲಕ್ಕ ಯಾವ ಶಬ್ದ ಹಚ್ಚಬೇಕ್ರಿ?"

"ಆನ್‌ಸೆಟ್."

"ಶುರು ಅಂದ್ರ ಸಾಕಾಗಂಗಿಲ್ಲೇನ್ರಿ? ಇಂಗ್ಲಿಷ್‌ನವರಿಗಿ ಇಷ್ಟ್ಯಾಕ ಬೇಕು?"

ಶನಿವಾರದ ಪರೀಕ್ಷೆಯಲ್ಲಿ ಐದಕ್ಕೂ ಸರಿಯಾದ ವಾಕ್ಯ ಬರೆದವಳು ಅವಳೊಬ್ಬಳೇ. ಆ ದಿನವೂ ನನ್ನ ಪುಸ್ತಕದಲ್ಲಿ ಅವಳು ಗೈರು.

ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಾಗ ಹಾಜರಾತಿಯ ಲೆಕ್ಕ ಮೇಲಿನ ಕಚೇರಿಗೆ ಹೋಯಿತು. ಅವಳ ಹಾಲ್ ಟಿಕೆಟ್ ಬರಲಿಲ್ಲ. ಹಾಜರಾತಿ ಕಡಿಮೆ.

ಮರುದಿನ ಅವಳ ತಂದೆ ಬಂದರು. ಮೂಲತಃ ಔರಾದ ತಾಲೂಕಿನ ಎಕಂಬಾದವರು, ಬೀದರಿನ ಧಾನ್ಯಪೇಟೆ ಗಾಂಧಿ ಗಂಜದಲ್ಲಿ ಹಮಾಲರು. ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಗಂಜಕ್ಕ ತೊಗರಿನೇ ಬರವಲ್ದು ಸರ್. ಚೀಲ ಇಲ್ಲ ಅಂದ್ರ ನಮ್ಮ ಬೆನ್ನಿಗಿ ಏನ್ ಕೆಲಸರಿ? ಮುಂದಿನ ವಾರ ಎಲ್ಲಾರೂ ಹೈದರಾಬಾದಿಗಿ ಹೊಂಟೇವಿ. ಹಾಲ್ ಟಿಕೆಟ್ ಬಂದ್ರ ಈಕಿನ್ನ ನಮ್ಮ ತಂಗಿ ಮನ್ಯಾಗ ಬಿಟ್ಟು ಹೋಗ್ತೇನ್ರಿ. ಬರಲಿಲ್ಲಂದ್ರ ಜೋಡಿ ಕರ್ಕೊಂಡು ಹೋಗೋದೇ."

ಅವರು ಹೋದ ಮೇಲೆ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದರು. "ಆ ಹುಡುಗಿ ದಿನಾ ಕ್ಲಾಸಿನ್ಯಾಗ ಕೂತಿದ್ದು ನಾನೂ ನೋಡೇನ್ರಿ. ತಡವಾಗಿ ಬಂದ್ರೂ ಹಾಜರ್ ಅಂತ ನೀವ ಬರ್ದು ಸಹಿ ಮಾಡ್ರಿ. ನಾನೂ ಮಾಡ್ತೇನಿ."

ಹಾಜರಿ ಪುಸ್ತಕದಲ್ಲಿ ನಾನು ಎಂದೂ ಒಂದು ಗೆರೆ ತಿದ್ದಿದವನಲ್ಲ ಎಂದೆ. ಬದಲಿಗೆ ಕಚೇರಿಗೆ ಪತ್ರ ಬರೆಯುತ್ತೇನೆ ಎಂದು ಒಪ್ಪಿಕೊಂಡೆ.

ಆ ಸಂಜೆ ಭಾಲ್ಕಿಯ ಮನೆಯಲ್ಲಿ ಪತ್ರಕ್ಕೆ ಕುಳಿತೆ. ಮೊದಲ ಸಾಲನ್ನು ಮೂರು ಸಲ ಹೊಡೆದು ಹಾಕಿದೆ. ಕೊನೆಗೆ ಔಟ್‌ಸೆಟ್ ಶಬ್ದದಿಂದ ತೆರೆಯುವ ಸಾಲು ಮೆಚ್ಚುಗೆಯಾಯಿತು. ಬರದ ಬಗ್ಗೆ ಬರೆದೆ, ಟ್ಯಾಂಕರಿನ ಬಗ್ಗೆ ಬರೆದೆ, ಹುಡುಗಿ ಜಾಣೆ ಎಂದೂ ಬರೆದೆ. ಅವಳು ಪ್ರತಿದಿನ ನನ್ನೆದುರು ಕೂತಿದ್ದಳು, ಗೈರು ಎಂದು ಬರೆದ ಪದ್ಧತಿ ಇಲಾಖೆಯದಲ್ಲ, ನನ್ನದು ಎಂಬುದನ್ನು ಬರೆಯಲಿಲ್ಲ. ಬರೆದಿದ್ದರೆ ನನ್ನ ಇಷ್ಟು ವರ್ಷಗಳ ಪುಸ್ತಕಗಳ ಮೇಲೆಲ್ಲ ಪ್ರಶ್ನೆ ಏಳುತ್ತಿತ್ತು. ಪತ್ರದಲ್ಲಿ ಒಂದು ತಪ್ಪೂ ಇರಲಿಲ್ಲ.

ಐದು ದಿನಕ್ಕೆ ಉತ್ತರ ಬಂತು. ಹಾಜರಿ ಪುಸ್ತಕದಲ್ಲಿರುವಂತೆ ವಿದ್ಯಾರ್ಥಿನಿ ತರಗತಿಗೆ ಬಂದಿಲ್ಲವಾದ್ದರಿಂದ ಕೋರಿಕೆಯನ್ನು ಪರಿಗಣಿಸಲಾಗದು ಎಂದಿತ್ತು.

ಅದನ್ನು ಅವಳಿಗೆ ನಾನೇ ಹೇಳಿದೆ. ಅವಳು ಅಳಲಿಲ್ಲ.

"ಬಂದಿಲ್ಲ ಅಂತ ಬರ್ದಾರೇನ್ರಿ?"

"ಹೌದು."

"ನೀವು ಹೇಳಲಿಲ್ಲೇನ್ರಿ ಸರ್, ಬಂದೀನಿ ಅಂತ?"

ನಾನು ಮುಂದಿನ ವರ್ಷ ಮತ್ತೆ ಪರೀಕ್ಷೆ ಕಟ್ಟಬಹುದು ಎಂದೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡು, "ಮುಂದಿನ ವರ್ಷ ಎಲ್ಲಿರ್ತೇವೋ ಏನೋರಿ," ಎಂದು ಹೊರಟಳು. ಆ ವಾರವೇ ಅವರ ಕುಟುಂಬ ಹೈದರಾಬಾದಿಗೆ ಹೋಯಿತು.

ಮರುವರ್ಷ ಪರೀಕ್ಷೆಗೆ ಹೆಸರು ಕೊಡುವ ಕಾಲಕ್ಕೆ ಚಿದ್ರಿಯಲ್ಲಿ ಅವಳ ಸೋದರತ್ತೆಯ ಮನೆ ಹುಡುಕಿಕೊಂಡು ಹೋದೆ. ಅರ್ಜಿಯ ಫಾರಂ ಜೇಬಿನಲ್ಲಿತ್ತು. ಆಕೆ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರು. ನಾನು ಯಾರೆಂದು ಹೇಳಿದೆ.

"ಈಗ ಬಂದೀರೇನ್ರಿ ಮಾಸ್ತರ?" ಎಂದರು. "ಆಕಿ ಅಲ್ಲಿ ಬಿಲ್ಡಿಂಗ್ ಕೆಲಸಕ್ಕ ಇಟ್ಟಂಗಿ ಹೊರ್ತಿದ್ಳು. ಹೋದ ತಿಂಗಳ ಮದುವಿ ಮಾಡಿ ಕೊಟ್ರು."

ಫಾರಂ ಹೊರಗೆ ತೆಗೆಯಲಿಲ್ಲ. ಆಕೆ ಮತ್ತೆ ಮೊರ ಕೈಗೆತ್ತಿಕೊಂಡರು. ಕುಡಿಯಲು ನೀರು ಬೇಕೇ ಎಂದು ಕೇಳಲಿಲ್ಲ, ನಾನೂ ಕೇಳಲಿಲ್ಲ.