ಅಪ್ಪನಿಗೂ ಮಗನಿಗೂ ಒಬ್ಬರೇ ಟೀಚರ್

ಲಲಿತಾ ಟೀಚರ್ ಹುಡುಗರ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದರು. ಒಮ್ಮೆ ಮೂಡಿಗೆರೆ ಬಸ್ ಸ್ಟ್ಯಾಂಡಿನಲ್ಲಿ ಮಗ ಚಿರಾಗನ ಜೊತೆ ಹೋಗುತ್ತಿದ್ದೆ. ಹಿಂದಿನಿಂದ ಯಾರೋ ಕೂಗಿದರು.

"ಏ ಉಮೇಶ, ನಿಲ್ಲು ಮಾರಾಯ! ಇವ್ನು ನಿನ್ನ ಮಗ ಅಲ್ದಾ? ಬಲಗಾಲು ಒಳಗೆ ಹಾಕಿ ನಡೀತಾನೆ, ಥೇಟ್ ನಿನ್ನ ಹಂಗೇ."

ನಾನು ಅವರನ್ನು ನೋಡಿ ಎಷ್ಟೋ ವರ್ಷಗಳಾಗಿದ್ದವು. ಟೀಚರ್ ಹೇಗಿದ್ದೀಯಾ ಎಂದು ಕೇಳಲಿಲ್ಲ. ಅಲ್ಲೇ ಬಗ್ಗಿ, ಹಲಸಿನಕಾಯಿ ಬಲಿತಿದೆಯೇ ಎಂದು ನೋಡುವವರ ಹಾಗೆ ಹುಡುಗನ ಮೀನಖಂಡ ಒತ್ತಿ ನೋಡಿದರು. ಚಿರಾಗ ನಾಚಿ ನನ್ನ ಹಿಂದೆ ಸರಿದ.

"ಭಾನುವಾರ ಗ್ರೌಂಡಿಗೆ ಕಳ್ಸು."

"ಯಾವ ಗ್ರೌಂಡಿಗೆ ಟೀಚರ್? ಈಗ ಯಾರು ಆಡ್ತಾರೆ ಅಲ್ಲಿ?"

"ಅದೂ ಸರಿ," ಎಂದು ನಕ್ಕರು. ಆ ನಗು ಬೇಗ ಮಾಸಿತು.

ಬಣಕಲ್ ಆಚೆಗಿನ ನಮ್ಮ ಊರಿನ ಹೈಸ್ಕೂಲಿನಲ್ಲಿ ಅವರು ಪಿ.ಟಿ. ಟೀಚರ್ ಆಗಿದ್ದರು. ಎತ್ತರದ ಆಳು. ಸೆರಗನ್ನು ಸೊಂಟಕ್ಕೆ ಬಿಗಿದು, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು, ಕರಿ ದಾರಕ್ಕೆ ವಿಷಲ್ ಕಟ್ಟಿ ಕೊರಳಿಗೆ ಇಳಿಬಿಟ್ಟುಕೊಂಡು ಮೈದಾನಕ್ಕೆ ಬಂದರೆಂದರೆ ಮೇಯುತ್ತಿದ್ದ ದನಗಳೂ ಪಕ್ಕಕ್ಕೆ ಸರಿಯುತ್ತಿದ್ದವು. ಹೆಂಗಸೊಬ್ಬಳು ಗಂಡು ಹುಡುಗರಿಗೆ ಫುಟ್‌ಬಾಲ್ ಕಲಿಸುವುದೇ ಎಂದು ಊರಿನವರು ಮೊದಮೊದಲು ನಕ್ಕಿದ್ದರಂತೆ. ಜಿಲ್ಲೆಯ ಕಪ್ ನಮ್ಮ ಊರಿಗೆ ಬಂದ ವರ್ಷ ನಕ್ಕವರೇ ಜೀಪಿನ ಮೇಲೆ ಹತ್ತಿ ಕುಣಿದರು.

ಮಳೆಗಾಲದಲ್ಲೂ ಆಟ ನಿಲ್ಲುತ್ತಿರಲಿಲ್ಲ. ರಕ್ತ ಹೀರುವ ಉಂಬಳ ಹತ್ತದಿರಲಿ ಎಂದು ನಮ್ಮ ಕಾಲಿಗೆಲ್ಲ ಬಾರ್ ಸೋಪು ತಿಕ್ಕಿಸಿ, "ಮಳೆ ನಿಂತ್ಮೇಲೆ ಆಡ್ತೀವಿ ಅಂದ್ರೆ ನಮ್ಮೂರಲ್ಲಿ ದೀಪಾವಳಿವರೆಗೂ ಬೀಡಿ ಸೇದ್ತಾ ಕೂತಿರ್ಬೇಕು. ಓಡ್ರೋ!" ಎನ್ನುತ್ತಿದ್ದರು. ಬಾಲನ್ನು ಯಾರಿಗೂ ಕೊಡದೆ ತನ್ನಲ್ಲೇ ಇಟ್ಟುಕೊಳ್ಳುವವನಿಗೆ ಅವರ ಬೈಗುಳ ಇನ್ನೂ ಚೆಂದ: "ಕಾಲಡಿ ಇಟ್ಕೊಂಡು ಕಾವು ಕೊಡೋಕೆ ಅದೇನು ಮೊಟ್ಟೆಯೇನೋ, ಮರಿ ಆಗೋಕೆ? ಬಿಟ್ಟುಕೊಡು!" ಅವರ ಒಬ್ಬಳೇ ಮಗಳಿಗೆ ಫುಟ್‌ಬಾಲ್ ಎಂದರೆ ಆಗದು. ಅವಳು ಚಿಕ್ಕಮಗಳೂರಿನಲ್ಲಿ ಸಂಗೀತ ಕಲಿಸುತ್ತಾಳೆ. "ಅವಳೂ ಉಸಿರು ಹಿಡಿಯೋದನ್ನೇ ಕಲಿಸ್ತಾಳೆ ಬಿಡು," ಎಂದು ಟೀಚರ್ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ನಮ್ಮ ಟೀಮಿನ ಜೀವ ಮಂಜ. ಎಸ್ಟೇಟಿನ ಕೂಲಿಗಳ ಸಾಲುಮನೆಯ, ಲೈನ್ ಮನೆಯ ಹುಡುಗ. ಅವನ ಎಡಗಾಲಿಗೆ ಬಾಲ್ ಸಿಕ್ಕಿದರೆ ನಾವೆಲ್ಲ ಆಟ ಬಿಟ್ಟು ನೋಡುತ್ತ ನಿಂತುಬಿಡುತ್ತಿದ್ದೆವು. ಅವನು ದೊಡ್ಡ ಟೀಮಿಗೆ ಹೋಗುತ್ತಾನೆ ಎಂದು ಎಲ್ಲರೂ ನಂಬಿದ್ದೆವು. ಆದರೆ ಊರಿನ ಮೈದಾನದಲ್ಲೇ ನಡೆದ ಒಂದು ಪಂದ್ಯದಲ್ಲಿ, ಒದ್ದೆ ಹುಲ್ಲಿನಡಿ ಅಡಗಿದ್ದ ಕಲ್ಲಿಗೆ ಕಾಲು ಸಿಕ್ಕಿ ಅವನ ಮಂಡಿ ಹೋಯಿತು. ಆಪರೇಷನ್ ಆದರೂ ಆ ಕಾಲು ನೆಟ್ಟಗಾಗಲಿಲ್ಲ. ಎಸ್ಟೇಟಿನ ನರ್ಸರಿಯಲ್ಲಿ ಕಾಫಿ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ಸೇರಿದ ಮಂಜ ಮೈದಾನದ ಕಡೆ ಮತ್ತೆ ತಲೆ ಹಾಕಲಿಲ್ಲ. ನಾವೆಲ್ಲ ಒಬ್ಬೊಬ್ಬರಾಗಿ ಕೆಲಸ, ಸಂಸಾರ ಎಂದು ಚದುರಿದೆವು. ನಾನು ಮೂಡಿಗೆರೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರಗಳ ರಿಪೇರಿ ಅಂಗಡಿ ಇಟ್ಟೆ. ಟೀಚರ್ ರಿಟೈರ್ ಆದರು. ಶಾಲೆ ಬಿಟ್ಟ ಮೇಲೂ ಆಡಲೆಂದು ನಾವು ಕಟ್ಟಿಕೊಂಡಿದ್ದ ಕ್ಲಬ್ಬಿನ ಬೋರ್ಡು ಮಾತ್ರ ಮೈದಾನದಲ್ಲಿ ಉಳಿಯಿತು.

ಬಸ್ ಸ್ಟ್ಯಾಂಡಿನಲ್ಲಿ ಟೀಚರ್ ಸಿಕ್ಕ ಕೆಲವೇ ದಿನಗಳಲ್ಲಿ ವಿಶ್ವನ ಫೋನು ಬಂತು. ನಮ್ಮ ಗೋಲ್‌ಕೀಪರ್ ವಿಶ್ವ ಈಗ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಹೋಟೆಲ್ ಅಡುಗೆಯವನು.

"ಇಲ್ಲಿ ಕ್ಲಬ್ಬಿನೋರು ಹಳೇ ಆಟಗಾರರ ಮಕ್ಕಳನ್ನ ಚಿಕ್ಕೋರಿದ್ದಾಗ್ಲೇ ಕರ್ದು ತಯಾರು ಮಾಡ್ತಾರೆ ಉಮೇಶ. ಅಪ್ಪ ಆಡಿದ ಕ್ಲಬ್ಬಿಗೇ ಮಗ ಆಡೋಕೆ ಬಂದ್ರೆ ಸ್ಟೇಡಿಯಮ್ಮೇ ಎದ್ದು ನಿಲ್ಲುತ್ತೆ. ನಾವ್ಯಾಕೆ ಮಾಡ್ಬಾರ್ದು?"

ಅವನು ಕಳಿಸಿದ, ಆಸ್ಟ್ರೇಲಿಯಾದವರ ಫುಟ್‌ಬಾಲ್ ವಿಡಿಯೋ ಹಿಡಿದುಕೊಂಡು ಟೀಚರ್ ಮನೆಗೆ ಹೋದೆ. ಕನ್ನಡಕ ಏರಿಸಿಕೊಂಡು ನೋಡಿದರು.

"ಇದೆಂತದು ಮಾರಾಯ? ಬಾಲು ಪಪ್ಪಾಯಿ ಹಂಗಿದೆ. ಕೈಯಲ್ಲಿ ಹಿಡ್ಕೊಂಡು ಓಡ್ತಾರೆ. ಇದಕ್ಕೆ ಫುಟ್‌ಬಾಲ್ ಅಂತ ಹೆಸ್ರಿಟ್ಟೋರು ಯಾರು?" ಎಂದು ಮನಸಾರೆ ನಕ್ಕರು. "ಆದ್ರೆ ಮಕ್ಕಳ ವಿಷ್ಯ ವಿಶ್ವ ಸರಿಯಾಗೇ ಹೇಳಿದಾನೆ. ನಾನು ಕಲಿಸ್ತೀನಿ. ಒಂದು ಮಾತು ಮಾತ್ರ ಈಗ್ಲೇ ಹೇಳ್ತೀನಿ. ಕರೆಯೋದು ಅಪ್ಪನ ಹೆಸರು ಹೇಳಿ, ಟೀಮಿಗೆ ಹಾಕೋದು ಮಗನ ಆಟ ನೋಡಿ. ಊರಿನ ಬೇರೆ ಹುಡುಗ್ರು ಬಂದ್ರೂ ಸೇರಿಸ್ಕೊಳ್ತೀನಿ. ಆಮೇಲೆ ನನ್ನ ಮುಂದೆ ಮೂತಿ ಊದಿಸ್ಕೊಂಡು ನಿಲ್ಬೇಡಿ."

ಮೊದಲ ಭಾನುವಾರವೇ ಹಳೆಯ ಆಟಗಾರರೆಲ್ಲ ಮಕ್ಕಳನ್ನು ಕರೆತಂದರು. ಮಂಜನ ಮಗ ಕಿರಣ ಬರಲಿಲ್ಲ. ಮರುದಿನ ಟೀಚರ್ ನನ್ನ ಜೀಪು ಹತ್ತಿದರು.

ಲೈನ್ ಮನೆಯ ಮುಂದೆ ಮಂಜನ ಹೆಂಡತಿ ಗಿರಿಜಾ ಚಾಪೆಯ ಮೇಲೆ ಮೆಣಸು ಒಣಗಿಸುತ್ತಿದ್ದಳು. ವಿಷಯ ತಿಳಿದದ್ದೇ ಎದ್ದು ನಿಂತಳು.

"ಬೇಡ ಟೀಚ್ರೇ. ಇವ್ರ ಕಾಲು ಹೋಗಿದ್ದು ಅದೇ ಆಟದಾಗೆ. ಮಗನ ಕಾಲೂ ಕೊಡಾಕೆ ನನ್ನ ಕೈಲಾಗಲ್ಲ."

ಮಂಜ ಒಳಗೇ ಇದ್ದ. ಹೊರಗೆ ಬರಲಿಲ್ಲ. ಟೀಚರ್ ಜಗಲಿಯ ಮೇಲೆ ಕೂತು, ಮೆಣಸಿನ ಚಾಪೆಯನ್ನೇ ನೋಡುತ್ತ ಹೇಳಿದರು: "ನೀನು ಹೇಳೋದು ಸುಳ್ಳಲ್ಲ ಗಿರಿಜಾ. ಆ ಗ್ರೌಂಡಲ್ಲಿ ಕಲ್ಲಿದ್ದಿದ್ದು ನನಗೆ ಕಾಣ್ಲಿಲ್ಲ. ಅವತ್ತಿಂದ ಗ್ರೌಂಡೆಲ್ಲ ನಡೆದು ನೋಡ್ದೆ ಒಬ್ಬ ಹುಡುಗನ್ನೂ ಇಳಿಸಿಲ್ಲ ನಾನು. ಏನೂ ಆಗಲ್ಲ ಅಂತ ಮಾತು ಕೊಡೋಕೆ ನನ್ನಿಂದಾಗಲ್ಲ. ನೀನೇ ಒಂದು ಸಲ ಬಂದು ನೋಡು. ಬೇಡ ಅನ್ಸಿದ್ರೆ ಕೈಹಿಡ್ದು ಕರ್ಕೊಂಡು ಹೋಗು."

ಒಳಗಿನಿಂದ ಮಂಜನ ದನಿ ಬಂತು. "ಕಳ್ಸು ಗಿರಿಜಾ. ದಿನಾ ಕಾಫಿ ಒಣಗ್ಸೋ ಯಾರ್ಡಾಗೆ ಒಬ್ನೇ ಆಡ್ತಾನೆ. ನಾನು ನೋಡೀನಿ."

ಮುಂದಿನ ಭಾನುವಾರ ಗಿರಿಜಾ ಬಂದಳು. ಟೀಚರ್ ಒಬ್ಬರೇ ಮೈದಾನದ ಉದ್ದಗಲಕ್ಕೂ ನಡೆದು, ಸಿಕ್ಕ ಕಲ್ಲುಗಳನ್ನೆಲ್ಲ ಸೆರಗಿಗೆ ತುಂಬಿಕೊಳ್ಳುವುದನ್ನು ಬೇಲಿಯ ಆಚೆ ನಿಂತು ನೋಡಿದಳು. ಮಗನನ್ನು ಬಿಟ್ಟು ಹೋದಳು.

ಆ ಹುಡುಗರು ಬೆಳೆದದ್ದನ್ನು ನೋಡುವುದು ನಮ್ಮ ಭಾನುವಾರದ ಹಬ್ಬವಾಯಿತು. ಕಿರಣನಿಗೆ ಅಪ್ಪನ ಎಡಗಾಲೇ ಬಂದಿತ್ತು. ಚಿರಾಗನಿಗೆ ನನ್ನ ನಡಿಗೆ ಬಂದಿತ್ತೇ ಹೊರತು ನನ್ನ ಓಟ ಬಂದಿರಲಿಲ್ಲ. ನಾನು ಮೈದಾನದ ಅಂಚಿನಲ್ಲಿ, ವಿಂಗಿನಲ್ಲಿ ಓಡುತ್ತಿದ್ದವನು, ಟೀಚರ್ ಅವನನ್ನು ಹಿಂದೆ ಡಿಫೆನ್ಸಿನಲ್ಲಿ ನಿಲ್ಲಿಸಿದರು. "ಇವ್ನಿಗೆ ಅವಸರ ಇಲ್ಲ. ಹಿಂದೆ ನಿಲ್ಲೋನಿಗೆ ಅದೇ ಬೇಕು," ಎಂದರು.

ಜಿಲ್ಲೆಯ ಜೂನಿಯರ್ ಫೈನಲ್ ಚಿಕ್ಕಮಗಳೂರಿನಲ್ಲಿ. ಆಡುವವರ ಹೆಸರು ಹೇಳಿದಾಗ ಚಿರಾಗನ ಜಾಗದಲ್ಲಿ ಟೈಲರ್ ಮಗ ಇಮ್ರಾನ್ ಇದ್ದ. ಇಮ್ರಾನನ ಅಪ್ಪ ಜೀವಮಾನದಲ್ಲಿ ಬಾಲ್ ಒದ್ದವನಲ್ಲ. ನನಗೆ ತಡೆಯಲಾಗಲಿಲ್ಲ.

"ಟೀಚರ್, ಇದು ನಮ್ಮ ಮಕ್ಕಳಿಗೆ ಅಂತ ಶುರು ಮಾಡಿದ್ದು ಅಲ್ವಾ?"

ಅವರು ಬಾಯಿ ತೆರೆಯುವ ಮೊದಲೇ ಚಿರಾಗ ಹೇಳಿದ: "ಅಪ್ಪಾ, ಇಮ್ರಾನ್ ನನಗಿಂತ ಚೆನ್ನಾಗಿ ಆಡ್ತಾನೆ. ಇವತ್ತು ಅವ್ನೇ ಇರ್ಬೇಕು."

ಟೀಚರ್ ನನ್ನ ಕಡೆ ತಿರುಗಿದರು. "ಕೇಳಿಸ್ತಾ? ಇದನ್ನ ನಾನು ಕಲ್ಸಿಲ್ಲ ಮಾರಾಯ. ಇದು ನಿನ್ನ ಮನೇದು." ನಾನು ಹೋಗಿ ಗ್ಯಾಲರಿಯಲ್ಲಿ ಕೂತೆ. ಪಕ್ಕದಲ್ಲಿ ಗಿರಿಜಾ. ಮಂಜ ಬಂದಿರಲಿಲ್ಲ.

ಎರಡೂ ಕಡೆ ಗೋಲಿಲ್ಲದೆ ಆಟ ಮುಗಿಯುತ್ತ ಬಂದಿತ್ತು. ಬಾಲ್ ಹಿಡಿದು ನುಗ್ಗುತ್ತಿದ್ದ ಕಿರಣನಿಗೆ ಎದುರಾಳಿಯ ಕಾಲು ಅಡ್ಡ ಬಂತು. ಮಂಡಿ ಹಿಡಿದುಕೊಂಡು ಬಿದ್ದ. ಗಿರಿಜಾ ಕೂತಲ್ಲಿಂದ ಎದ್ದಳು. ಕೆಳಗೆ ಓಡುತ್ತಾಳೆ ಎಂದುಕೊಂಡೆ. ಓಡಲಿಲ್ಲ, ಕಂಬಿ ಹಿಡಿದು ನಿಂತಳು. ಕಿರಣ ನಿಧಾನಕ್ಕೆ ಎದ್ದ, ಕಾಲು ಝಾಡಿಸಿದ, ಅಮ್ಮನ ಕಡೆ ಕೈ ಎತ್ತಿದ. ಫ್ರೀ ಕಿಕ್ ಅವನೇ ತೆಗೆದುಕೊಂಡ. ಆ ಎಡಗಾಲು ಬೀಸಿದ ರೀತಿ ನೋಡಿ ನಾನೂ ಎದ್ದು ನಿಂತೆ. ಬಾಲ್ ಗೋಡೆ ಕಟ್ಟಿ ನಿಂತವರ ತಲೆ ದಾಟಿ, ಬಾಗಿ, ಬಲೆಯೊಳಗೆ ಇಳಿಯಿತು.

"ಅವ್ರೇ! ಅವ್ರೇ ಹೊಡ್ದಂಗೆ ಐತಲ್ಲಣ್ಣ!" ಎಂದು ಗಿರಿಜಾ ನನ್ನ ತೋಳು ಹಿಡಿದು ಅತ್ತಳು, ನಕ್ಕಳು.

ಇಮ್ರಾನ್ ಸುಸ್ತಾದಾಗ ಟೀಚರ್ ಚಿರಾಗನನ್ನು ಇಳಿಸಿದರು. ಕೊನೆಗಳಿಗೆಯಲ್ಲಿ ಗೋಲಿನತ್ತ ಹೋಗುತ್ತಿದ್ದ ಬಾಲನ್ನು ನನ್ನ ಮಗ ಗೆರೆಯ ಮೇಲೆ ನಿಂತು ತಲೆಯಿಂದ ಹೊರಗಟ್ಟಿದ. ನಾನು ಆಡಿದ ದಿನಗಳಲ್ಲೂ ಅಷ್ಟು ಜೋರಾಗಿ ಕೂಗಿರಲಿಲ್ಲ.

ಕಿರಣ ರಾಜ್ಯದ ಜೂನಿಯರ್ ಟೀಮಿಗೆ ಆಯ್ಕೆಯಾಗುವ ಹೊತ್ತಿಗೆ ಟೀಚರ್ ಹಾಸಿಗೆ ಹಿಡಿದಿದ್ದರು. ಕಳಸದ ತಂಗಿಯ ಮನೆಯಲ್ಲಿ ಇದ್ದರು. ಕೊನೆಯ ಸಲ ನಾನು ಹೋದಾಗ ಅವನ ಪಂದ್ಯದ ವಿಡಿಯೋ ತೋರಿಸಿದೆ. ದಿಂಬಿಗೆ ಒರಗಿ ಪೂರ್ತಿ ನೋಡಿದರು. "ಫೋನ್ ಹಚ್ಚು ಅವ್ನಿಗೆ," ಎಂದರು.

"ಏನೋ ಕಿರಣ, ಬಲಗಾಲು ಯಾರಿಗಾದ್ರೂ ಸಾಲ ಕೊಟ್ಟಿದೀಯಾ? ಅದನ್ನೂ ಉಪಯೋಗಿಸೋ!" ಎಂದು ಗದರಿದರು. ಆ ಕಡೆಯಿಂದ "ಆಯ್ತು ಟೀಚರ್, ಆಯ್ತು ಟೀಚರ್" ಎನ್ನುವುದು ನನಗೂ ಕೇಳಿಸುತ್ತಿತ್ತು. ಫೋನ್ ನನ್ನ ಕೈಗಿಟ್ಟು ಗೋಡೆಯ ಕಡೆ ತಿರುಗಿದರು. "ಎಷ್ಟು ಚೆಂದ ಆಡ್ತಾನೆ ಅಲ್ದಾ ಉಮೇಶ," ಎಂದರು. ನಾನು ಅವರಿಂದ ಕೇಳಿದ ಕೊನೆಯ ಮಾತು ಅದೇ.

ಅವರು ತೀರಿಕೊಂಡ ವಾರ, ಈ ಭಾನುವಾರ ಆಟವಿಲ್ಲ ಎಂದು ಹೇಳಿ ಹುಡುಗರನ್ನು ಮನೆಗೆ ಕಳಿಸಲು ನಾನು ಮೈದಾನಕ್ಕೆ ಹೋದೆ. ಜೀಪು ನಿಲ್ಲಿಸುವಾಗಲೇ ಗದ್ದಲ ಕೇಳಿಸಿತು. ಹುಡುಗರು ಸುತ್ತು ಓಡುತ್ತಿದ್ದರು. ಎಲ್ಲರಿಗಿಂತ ಹಿಂದೆ, ಅವಸರವಿಲ್ಲದೆ, ಚಿರಾಗ. ಮೈದಾನದ ನಡುವೆ ಊರುಗೋಲು ಹಿಡಿದು ಮಂಜ ನಿಂತಿದ್ದ. ನನ್ನನ್ನು ಕಂಡರೂ ಅವನು ಹುಡುಗರಿಂದ ಕಣ್ಣು ತೆಗೆಯಲಿಲ್ಲ.

"ತಡ ಆಯ್ತಲ್ಲೋ ಉಮೇಶ," ಎಂದ. "ಬಾ, ಆ ಸಣ್ಣ ಹುಡುಗ್ರನ್ನ ನೀನು ನೋಡ್ಕೋ."