ಆರಾಮ ಎಂದ ತಪ್ಪಿಗೆ

ಇವತ್ತು ಬೆಳಿಗ್ಗೆ ಅಮೀರ್‌ಪೇಟ್‌ನಲ್ಲಿ ಯಾರೋ ಹಿಂದಿನಿಂದ, "ಆರಾಮ ಅದೀರೇನ್ರಿ ಡಾಕ್ಟ್ರ?" ಎಂದು ಕೂಗಿದರು. ತಿರುಗಿ ನೋಡುವ ಮೊದಲೇ ನನ್ನ ಮೊಣಕಾಲು ಚುರುಕ್ಕೆಂದಿತು. ನಗಬೇಡಿ, ಆ ಒಂದು ಪದ ನನ್ನನ್ನು ಹಿಂದೊಮ್ಮೆ ಅಡ್ಡಬೀಳಿಸಿದೆ.

ಇಲ್ಲಿನ ತೆಲುಗು ರಾಜ್ಯ ಎರಡಾಗಿ ಒಡೆಯುವುದಕ್ಕೆ ಬಹಳ ಮೊದಲಿನ ಮಾತು. ಮೈಸೂರು ಕಡೆಯವನಾದ ನಾನು ಇದೇ ಊರಿನ ಬಾಲಾನಗರದಲ್ಲಿ ಹೊಸದಾಗಿ ದವಾಖಾನೆ ತೆರೆದಿದ್ದೆ. ಬರುವವರೆಲ್ಲ ಕಾರ್ಖಾನೆಯ ಜನ, ಅರ್ಧಕ್ಕರ್ಧ ಉತ್ತರ ಕರ್ನಾಟಕದವರು. ಅವರ ಭಾಷೆ ನನಗೆ ಬರುತ್ತದೆಂಬ ಜಂಬ ಬೇರೆ. ಫಿಟ್ಟರ್ ಮಲ್ಲಪ್ಪನವರು ಹೃದಯಾಘಾತವಾಗಿ ದೊಡ್ಡಾಸ್ಪತ್ರೆಯಿಂದ ಮರಳಿದಾಗ ಪರೀಕ್ಷಿಸಿ, "ಇನ್ನೇನಿದ್ದರೂ ಆರಾಮ" ಅಂದೆ. ಕೆಲಸಗಿಲಸ ಬಿಟ್ಟು ವಿಶ್ರಾಂತಿ ತೆಗೆದುಕೊಳ್ಳಿ ಎಂದು ನನ್ನ ಅರ್ಥ. ಅವರ ಕಡೆ ಆರಾಮ ಎಂದರೆ ರೋಗ ವಾಸಿಯಾಯಿತು ಎಂದು!

ನಾಲ್ಕು ದಿನಕ್ಕೆ ಅವರ ಹೆಂಡತಿ ಶಾಂತವ್ವ ಪೇಢೆ ಹಿಡಿದು ಬಂದರು. "ನಾಳೆ ಎಲ್ಲಮ್ಮನ ಗುಡಿಗೆ ಬರ್ರಿ ಸಾಹೇಬ್ರ. ಆರಾಮ ಆದ್ರ ಇವರ ಕಡಿಂದ ದೀಡ ನಮಸ್ಕಾರ ಹಾಕಸ್ತೀನಿ ಅಂತ ಹರಕಿ ಹೊತ್ತಿದ್ದೆ."

ದೀಡ ನಮಸ್ಕಾರವೆಂದರೆ ಒದ್ದೆ ಬಟ್ಟೆಯಲ್ಲಿ ಉದ್ದಕ್ಕೂ ಅಡ್ಡಬಿದ್ದು, ಎದ್ದು, ಕೈ ಮುಟ್ಟಿದಲ್ಲಿ ನಿಂತು ಮತ್ತೆ ಅಡ್ಡಬೀಳುತ್ತ ಗುಡಿ ಸುತ್ತುವುದು. ಮಲ್ಲಪ್ಪನವರ ಎದೆಗೆ ಮಹಡಿ ಮೆಟ್ಟಿಲೇ ಹೆಚ್ಚು. ಕೈಗೆತ್ತಿಕೊಂಡ ಪೇಢೆಯನ್ನು ಮೇಜಿನ ಮೇಲಿಟ್ಟೆ. ಗ್ರಹಚಾರ ಸರಿಯಿಲ್ಲ, ಮುಂದೂಡಿ ಅಂದಿದ್ದರೂ ಆಕೆ ನಂಬುತ್ತಿದ್ದರು. ಅಷ್ಟೊಂದು ನಂಬುವವರ ಮುಂದೆ ಸುಳ್ಳು ಬಾಯಿಗೆ ಬರುವುದಿಲ್ಲ ನೋಡಿ.

"ತಪ್ಪು ನನ್ನದಮ್ಮ. ಅವರಿಗಿನ್ನೂ ವಾಸಿಯಾಗಿಲ್ಲ. ಹಾಗೆಲ್ಲ ಬಿದ್ದೆದ್ದರೆ ಜೀವಕ್ಕೇ ಅಪಾಯ."

ಶಾಂತವ್ವ ಕುಸಿದು ಕೂತರು. ಸೆರಗಿನಿಂದ ಕಣ್ಣೊರೆಸಿಕೊಂಡು, "ದೇವಿಗೆ ಮಾತ ಕೊಟ್ಟಾಗೇತ್ರಿ. ಆರಾಮ ಅಂದವ್ರು ನೀವು. ನೀವ ಹಾಕ್ರಿ" ಅಂದರು.

ದೇವರಿಗೂ ನನಗೂ ಅಷ್ಟಕ್ಕಷ್ಟೆ. ಆದರೂ ಮರುದಿನ ಒದ್ದೆ ಪಂಚೆಯುಟ್ಟು ಗುಡಿ ಸುತ್ತಿದೆ. ನನ್ನ ರೋಗಿಗಳೆಲ್ಲ ಸಾಲಾಗಿ ನಿಂತು ನೋಡಿದರು. ಕಟ್ಟೆಯ ಮೇಲೆ ಕೂತಿದ್ದ ಮಲ್ಲಪ್ಪನವರು, "ಸಾವಕಾಶ ಹಾಕ್ರಿ ಡಾಕ್ಟ್ರ, ಎದಿಗೆ ಛಲೋ ಅಲ್ಲ!" ಎಂದು ನನಗೇ ಸಲಹೆ ಕೊಟ್ಟರು.

ಅವರು ಮೊಮ್ಮಕ್ಕಳನ್ನು ಕಾಣುವಷ್ಟು ಬದುಕಿದರು. ಗುಳಿಗೆಯಿಂದ ಎಂದು ನಾನು, ಎಲ್ಲಮ್ಮನಿಂದ ಎಂದು ಶಾಂತವ್ವ. ಆ ನಮಸ್ಕಾರ ಬರೀ ನನ್ನ ಬಾಯಿಯ ತಪ್ಪಿಗೆ ತೆತ್ತ ದಂಡ ಎಂದು ಇಷ್ಟು ವರ್ಷ ಹೆಂಡತಿಗೂ ಸ್ನೇಹಿತರಿಗೂ ಹೇಳುತ್ತ ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ. ಇವತ್ತು ನಿಮ್ಮ ಹತ್ತಿರ ಹೇಳಿಬಿಡುತ್ತೇನೆ: ಗುಡಿಯ ಹಿಂಭಾಗದಲ್ಲಿ, ಯಾರಿಗೂ ಕಾಣದ ಕಡೆ, ಹಣೆ ನೆಲಕ್ಕೆ ಹತ್ತಿದಾಗ, "ಈ ಮನುಷ್ಯನನ್ನು ಉಳಿಸು ತಾಯಿ, ನನ್ನ ಕೈಲಾಗುವಷ್ಟು ಮಾಡಿಯಾಯಿತು" ಎಂದು ನಾನು ಬೇಡಿಕೊಂಡಿದ್ದೆ.