ಮಾತನಾಡಿಸಲು ಬಂದವರು

ರೋಗಿಯನ್ನು ಮಾತನಾಡಿಸಲು ಹೋಗಿ, ರೋಗಿಗೆ ಮಾತನಾಡಲು ಬಿಟ್ಟು ಬಂದವರನ್ನು ನಾನು ಕಂಡಿಲ್ಲ. ನಾನೂ ಬಿಟ್ಟವನಲ್ಲ. ಕಾಲು ಮುರಿದವನೆದುರು ನನಗೆ ಮೂಳೆಯ ಜ್ಞಾನ ಉಕ್ಕುತ್ತದೆ, ಜ್ವರ ಬಂದವನೆದುರು ಕಷಾಯದ್ದು.

ಎಂಬತ್ತರ ದಶಕದ ಕೊನೆಯಲ್ಲಿ, ಸಿಂಧನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ಗೆಳೆಯ ಶರಣಪ್ಪ ಊಟ, ನಿದ್ದೆ, ಮಾತು ಎಲ್ಲ ಬಿಟ್ಟ. ಒಂದು ಬೆಳಿಗ್ಗೆ ಹೆಂಡತಿ ಗಿರಿಜಾಳಿಗೆ "ನನಗ ಬದುಕು ಸಾಕಾಗ್ಯಾದ" ಎಂದ. ಅವಳೇ ಧೈರ್ಯ ಮಾಡಿ ರಾಯಚೂರಿಗೆ, ಮನೋರೋಗದ ಡಾಕ್ಟರ ಬಳಿ ಕರೆದೊಯ್ದಳು. ಗುಳಿಗೆ ಬರೆದ ಡಾಕ್ಟರು, ಸ್ವಲ್ಪ ದಿನ ಅವನನ್ನು ಒಬ್ಬನನ್ನೇ ಬಿಡಬೇಡಿ, ಬಂಧುಗಳು ಗೆಳೆಯರು ಜೊತೆಗಿರಲಿ ಎಂದರು. ಪಾಪ, ಅವರಿಗೆ ನಮ್ಮ ಪರಿಚಯವಿರಲಿಲ್ಲ.

ನಾವು ಜೊತೆಗಿದ್ದೆವು. ಲಿಂಗಸುಗೂರಿನಿಂದ ಅವನ ಸೋದರಮಾವ ಹಾಸಿಗೆ ಸುತ್ತಿಕೊಂಡೇ ಬಂದ. "ನಿನಗೇನ್ ಕಮ್ಮಿ ಆಗ್ಯಾದಲೇ? ಅಂಗಡಿ ಅದ, ಗದ್ದಿ ಅದ" ಎಂದು ಶರಣಪ್ಪನ ಆಸ್ತಿಯನ್ನು ದಿನಾಲೂ ಅವನಿಗೇ ಒಪ್ಪಿಸಿದ. ಜವಳಗೇರಾದ ಸೋದರತ್ತೆ ತಾಯಿತ ಕಟ್ಟಿದಳು. ನಾನು ಮನೋಬಲದ ಮೇಲೆ ಉಪನ್ಯಾಸ ಕೊಟ್ಟೆ; ಕೇಳುಗ ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ, ಅಂಥ ಸಭೆ ನನಗೆ ಮತ್ತೆ ಸಿಕ್ಕಿಲ್ಲ. ಚಹಾ ಕುಡಿಯುತ್ತ ಎಲ್ಲರೂ ಕೂಡಿ ಕಾರಣವನ್ನೂ ಕಂಡುಹಿಡಿದೆವು: ಗಿರಿಜಾಳ ಕಾಲ್ಗುಣ. ಅವಳನ್ನು ಮಸ್ಕಿಯ ತವರಿಗೆ ಬಸ್ ಹತ್ತಿಸಿದೆವು. ಶರಣಪ್ಪ ನೀರು ಕುಡಿಯುವುದನ್ನೂ ಬಿಟ್ಟ.

ಹೆದರಿ ಮತ್ತೆ ಡಾಕ್ಟರಲ್ಲಿಗೆ ಓಡಿದೆವು, ಜೀಪು ತುಂಬ. "ನಿಮ್ಮ ಜೊತೆ ಯಾರಿರಬೇಕು?" ಎಂದು ಅವರು ಶರಣಪ್ಪನನ್ನು ಕೇಳಿದರೆ ಮಾವ ಉತ್ತರಿಸಿದ, ಅತ್ತೆ ಉತ್ತರಿಸಿದಳು, ನಾನು ತಿದ್ದುಪಡಿ ಸೂಚಿಸಿದೆ. ಡಾಕ್ಟರು ನಮಗೆ ಬಾಗಿಲು ತೋರಿಸಿದರು. ಹೊರಗೆ ಹೋಗುವಾಗ ಹಿಂದಿನಿಂದ ಶರಣಪ್ಪನ ಸಣ್ಣ ದನಿ ಕೇಳಿತು: "ಗಿರಿಜಾನ್ನ ಕರಸ್ರೀ."

ಗಿರಿಜಾ ಬಂದಳು. ಬೈಯಲಿಲ್ಲ, ಎಲ್ಲರಿಗೂ ಕೆಲಸ ಹಚ್ಚಿದಳು. ಮಾವ ಅಂಗಡಿ ತೆರೆಯಬೇಕು, ಅತ್ತೆ ಗಂಜಿ ಕಾಯಿಸಬೇಕು, ಗುಳಿಗೆ ತನ್ನ ಪಾಲು. ನನಗೆ ಹೇಳಿದ್ದು ಇಷ್ಟು: "ನೀವು ಸಂಜೀಕ ಬಂದು ಅವರ ಹತ್ರ ಕುಂದರ್ರಿ. ಅವರಾಗೇ ಮಾತಾಡೋತನಕ ಬಾಯಿ ತೆರೀಬ್ಯಾಡ್ರಿ."

ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ನನಗೆ ಯಾರೂ ಕೊಟ್ಟಿಲ್ಲ. ನಾಲಿಗೆ ಕಚ್ಚಿಕೊಂಡು ಕುಳಿತೆ. ಸುಮ್ಮನೆ ಕುಳಿತಾಗಲೇ ಅವನ ಮುಖ ಎಷ್ಟು ಬತ್ತಿದೆ ಎಂದು ಕಂಡದ್ದು. ಇವನು ಹೋಗಿಬಿಟ್ಟರೆ ನನ್ನ ಗತಿಯೇನು ಎನಿಸಿತು. ಹೀಗೆ ಎಷ್ಟೋ ಸಂಜೆ ಕಳೆದವು. ಕೊನೆಗೊಂದು ಸಂಜೆ ಶರಣಪ್ಪ ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದ.

"ಯಾಕಲೇ, ಮಾತೇ ಆಡವಲ್ಲಿ? ಆರಾಮ ಇಲ್ಲೇನು?" ಎಂದ.

ಆರಾಮ ಇಲ್ಲ ಎಂದೆ. ಅವನು ಸರಿದು, ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟ.